ಗೇರ್‌ಬಾಕ್ಸ್ ಇಳಿಸುವ ಮುನ್ನ: ಹೈಡ್ರಾಲಿಕ್ ಕ್ಲಚ್‌ನ ದೋಷ ಹುಡುಕಿ ಸರಿಪಡಿಸುವ ಬಗೆ

“ಗೇರ್ ಬೀಳ್ವಲ್ದ್ರಿ” ಎಂಬುದು ಕಲಬುರಗಿಯ ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. ಆ ಒಂದು ಮಾತಿನ ಹಿಂದೆ, ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟ್‌ನಿಂದ ಹಿಡಿದು ಗೇರ್‌ಬಾಕ್ಸಿನ ಒಳಗೆ ಸೋರುತ್ತಿರುವ ಸಿಲಿಂಡರಿನವರೆಗೆ, ಅನೇಕ ಕಾರಣಗಳಿರಬಹುದು. ಆದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: “ಪ್ಲೇಟ್ ಹೋಗ್ಯದ, ಗೇರ್‌ಬಾಕ್ಸ್ ಇಳಸ್ಬೇಕಾಗ್ತದ.” ಕೆಲವು ವರ್ಷಗಳ ಹಿಂದೆ ನಾನೂ ಆ ಉತ್ತರಕ್ಕೆ ತಲೆಯಾಡಿಸಿ, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಾಯಿಸಿಕೊಂಡು ಬಂದೆ. ಎರಡು ವಾರವೂ ಆಗಿರಲಿಲ್ಲ, ಗಾಣಗಾಪುರಕ್ಕೆ ಹೊರಟ ದಿನ ಅದೇ ಪೆಡಲ್ ಅದೇ ರೀತಿ ನೆಲಕ್ಕೆ ಕುಳಿತಿತು. ದೋಷವಿದ್ದದ್ದು ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರಿನ ಒಂದು ರಬ್ಬರ್ ಸೀಲ್‌ನಲ್ಲಿ. ಅದನ್ನು ಕಂಡುಹಿಡಿಯಲು ಬೇಕಾಗಿದ್ದದ್ದು ಒಂದು ಸ್ಟೀಲ್ ಸ್ಕೇಲ್, ಪೆಡಲ್ ತುಳಿಯಲು ಇನ್ನೊಬ್ಬರು ಮತ್ತು ಹತ್ತು ನಿಮಿಷದ ಸಮಯ. ಹಾಗಾಗಿ ಈ ಬರಹದಲ್ಲಿ ನಾನು ಹೇಳುವ ಎಲ್ಲ ಪರೀಕ್ಷೆಗಳೂ ಒಂದು ಅಳತೆಯ ಸುತ್ತ ನಿಂತಿವೆ: ಪೆಡಲನ್ನು ಪೂರ್ತಿ ತುಳಿದಾಗ ಸ್ಲೇವ್ ಸಿಲಿಂಡರಿನ ದಂಡ ಎಷ್ಟು ಮಿಲಿಮೀಟರ್ ಮುಂದೆ ಬರುತ್ತದೆ ಎಂಬುದು. ಆ ಅಳತೆ ಕೈಯಲ್ಲಿಲ್ಲದೆ ಗೇರ್‌ಬಾಕ್ಸ್ ಇಳಿಸಲು ಒಪ್ಪಿಗೆ ಕೊಡಬಾರದು.

ಒಳಗೆ ನಡೆಯುವುದೇನು

ಹೈಡ್ರಾಲಿಕ್ ಕ್ಲಚ್‌ನಲ್ಲಿ ಪೆಡಲ್ ಒಂದು ಸಣ್ಣ ದಂಡದ, ಅಂದರೆ ಪುಶ್‌ರಾಡ್‌ನ, ಮೂಲಕ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಒತ್ತುತ್ತದೆ. ಅಲ್ಲಿಂದ ಹೊರಟ ಆಯಿಲ್ (ಇಲ್ಲಿಯೂ ಬಳಸುವುದು ಬ್ರೇಕ್ ಆಯಿಲನ್ನೇ) ಲೋಹದ ಪೈಪ್ ಮತ್ತು ರಬ್ಬರ್ ಹೋಸ್ ಮೂಲಕ ಗೇರ್‌ಬಾಕ್ಸಿನ ಬಳಿಯಿರುವ ಸ್ಲೇವ್ ಸಿಲಿಂಡರನ್ನು ತಲುಪಿ, ಅದರ ಪಿಸ್ಟನ್ನನ್ನು ಹೊರದೂಡುತ್ತದೆ. ಆ ಪಿಸ್ಟನ್ ತನ್ನ ದಂಡದ ಮೂಲಕ ಫೋರ್ಕ್ ಎಂಬ ಕವೆಯಾಕಾರದ ಸನ್ನೆಯನ್ನು ತಳ್ಳಿದರೆ, ಫೋರ್ಕ್ ರಿಲೀಸ್ ಬೇರಿಂಗನ್ನು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳ ಮೇಲೆ ಒತ್ತುತ್ತದೆ. ಆಗ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಸಿಕ್ಕಿಕೊಂಡಿದ್ದ ಕ್ಲಚ್ ಪ್ಲೇಟ್ ಸಡಿಲವಾಗಿ ಎಂಜಿನ್ನಿನ ತಿರುಗಾಟ ಗೇರ್‌ಬಾಕ್ಸಿಗೆ ಹೋಗದಂತಾಗುತ್ತದೆ. ನಮ್ಮ ಕಡೆಯ ಮಿಸ್ತ್ರಿಗಳಲ್ಲಿ ಹಲವರು ಮಾಸ್ಟರನ್ನು ಮೇಲಿನ ಸಿಲಿಂಡರ್, ಸ್ಲೇವನ್ನು ಕೆಳಗಿನ ಸಿಲಿಂಡರ್ ಎನ್ನುತ್ತಾರೆ.

ಈ ವ್ಯವಸ್ಥೆಯಲ್ಲಿ ಓಡಾಡುವ ಆಯಿಲ್ ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಮುಂದಿನ ಎಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ಉದಾಹರಣೆಗೆ ಪೆಡಲ್ 130 ಮಿ.ಮೀ. ಇಳಿಯುತ್ತದೆ, ಪೆಡಲಿನ ಸನ್ನೆಯ ಪ್ರಮಾಣ 5, ಅಂದರೆ ಪೆಡಲ್ 5 ಮಿ.ಮೀ. ಇಳಿದರೆ ಪುಶ್‌ರಾಡ್ 1 ಮಿ.ಮೀ. ಸರಿಯುತ್ತದೆ ಎಂದುಕೊಳ್ಳೋಣ. ಆಗ ಮಾಸ್ಟರ್ ಪಿಸ್ಟನ್ 26 ಮಿ.ಮೀ. ಚಲಿಸುತ್ತದೆ. ಸಿಲಿಂಡರಿನ ಒಳವ್ಯಾಸ 15.87 ಮಿ.ಮೀ., ಅಂದರೆ 5/8 ಇಂಚು ಆಗಿದ್ದರೆ, ಒಂದು ತುಳಿತಕ್ಕೆ ಹೋಗುವ ಆಯಿಲ್ ಸುಮಾರು 5 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚ. ಅದು 19.05 ಮಿ.ಮೀ. ವ್ಯಾಸದ ಸ್ಲೇವ್ ಪಿಸ್ಟನ್ನನ್ನು ಸುಮಾರು 18 ಮಿ.ಮೀ. ತಳ್ಳುತ್ತದೆ. ಈಗ ಪೈಪಿನಲ್ಲಿ ಎಲ್ಲೋ 1 ಮಿಲಿಲೀಟರ್ ಗಾಳಿ ಸೇರಿಕೊಂಡಿದೆ ಎನ್ನಿ. ಒತ್ತಡ ಬಿದ್ದಾಗ ಗಾಳಿ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಆದ್ದರಿಂದ ಆ ಒಂದು ಗುಳ್ಳೆ ಇಡೀ ತುಳಿತದ ಐದನೇ ಒಂದು ಭಾಗವನ್ನು ನುಂಗಿ, 18 ಮಿ.ಮೀ. ಚಲನೆಯನ್ನು 14.5ಕ್ಕೆ ಇಳಿಸುತ್ತದೆ. ಕ್ಲಚ್ ಪೂರ್ತಿ ಬಿಡಲು 16 ಮಿ.ಮೀ. ಬೇಕಾಗಿದ್ದರೆ ಅಲ್ಲಿಗೆ ಗೇರ್ ಕಿರುಚತೊಡಗುತ್ತದೆ. ಒಂದು ಹನಿ ಸೋರಿಕೆ, ಒಂದು ಗುಳ್ಳೆ, ಸವೆದ ಒಂದು ಪೆಡಲ್ ಪಿನ್ ಇಷ್ಟು ದೊಡ್ಡ ತೊಂದರೆ ಕೊಡುವುದು ಈ ಕಾರಣದಿಂದ.

ನಿಮ್ಮ ಕಾರಿನಲ್ಲಿರುವುದು ಹೈಡ್ರಾಲಿಕ್ ಕ್ಲಚ್ಚೋ ಕೇಬಲ್ ಕ್ಲಚ್ಚೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಆಲ್ಟೊ, ವ್ಯಾಗನ್ ಆರ್‌ನಂತಹ ಸಣ್ಣ ಕಾರುಗಳಲ್ಲಿ ಕೇಬಲ್ ಇರುತ್ತದೆ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾಗಳಲ್ಲಿ ಹೈಡ್ರಾಲಿಕ್. ಬಾನೆಟ್ ತೆರೆದು ನೋಡಿದಾಗ ಪೆಡಲಿನ ನೇರದಲ್ಲಿ ತಗಡಿನ ಗೋಡೆಯಿಂದ ಪೈಪ್ ಹೊರಟು ಗೇರ್‌ಬಾಕ್ಸಿನ ಕಡೆ ಹೋಗಿದ್ದರೆ ಅದು ಹೈಡ್ರಾಲಿಕ್. ಎಷ್ಟೋ ಕಾರುಗಳಲ್ಲಿ ಕ್ಲಚ್‌ಗೆ ಬೇರೆ ಡಬ್ಬಿ ಇರದೆ, ಬ್ರೇಕ್ ಆಯಿಲ್ ಡಬ್ಬಿಯ ಪಕ್ಕದಿಂದಲೇ ಒಂದು ಸಣ್ಣ ಹೋಸ್ ಹೊರಟಿರುತ್ತದೆ.

ಬಿಡುತ್ತಿಲ್ಲವೋ, ಹಿಡಿಯುತ್ತಿಲ್ಲವೋ

ಕ್ಲಚ್‌ನ ದೂರುಗಳೆಲ್ಲ ಎರಡು ಗುಂಪಿಗೆ ಸೇರುತ್ತವೆ. ಪೆಡಲ್ ತುಳಿದರೂ ಪ್ಲೇಟ್ ಪೂರ್ತಿ ಬಿಡದಿರುವುದು ಒಂದು. ಪೆಡಲ್ ಬಿಟ್ಟರೂ ಪ್ಲೇಟ್ ಪೂರ್ತಿ ಹಿಡಿಯದೆ ಜಾರುವುದು ಇನ್ನೊಂದು. ಆಯಿಲ್, ಗಾಳಿ, ಸೀಲ್‌ಗಳ ದೋಷ ಹೆಚ್ಚಾಗಿ ಮೊದಲನೆಯದನ್ನು ಉಂಟುಮಾಡುತ್ತದೆ. ಎರಡನೆಯದು ಹೆಚ್ಚಾಗಿ ಸವೆದ ಪ್ಲೇಟಿನಿಂದ ಬರುತ್ತದೆ, ಆದರೆ ಯಾವಾಗಲೂ ಅಲ್ಲ. ಆ ಅಪವಾದವನ್ನು ಮುಂದೆ ನೋಡೋಣ.

ಎಂಜಿನ್ ಬಂದ್ ಇರುವಾಗ ಕ್ಲಚ್ ತುಳಿದು ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಆಗಲೂ ಬಿಗಿಯಾಗಿದ್ದರೆ ತೊಂದರೆ ಗೇರ್ ಲಿವರಿನ ಕೇಬಲ್, ಲಿಂಕ್ ಅಥವಾ ಗೇರ್‌ಬಾಕ್ಸಿನದು. ಕ್ಲಚ್ಚನ್ನು ದೂರುವುದರಲ್ಲಿ ಅರ್ಥವಿಲ್ಲ. ಎಂಜಿನ್ ಬಂದ್ ಇದ್ದಾಗ ನುಣ್ಣಗೆ ಬಿದ್ದು, ಚಾಲೂ ಆದ ಮೇಲೆ ಮೊದಲ ಗೇರೂ ರಿವರ್ಸೂ ಬೀಳದಿದ್ದರೆ ಅಥವಾ ಕರಕರ ಎಂದು ಬಿದ್ದರೆ ಕ್ಲಚ್ ಬಿಡುತ್ತಿಲ್ಲ ಎಂದು ತಿಳಿಯಬೇಕು. ರಿವರ್ಸ್ ಗೇರಿನ ಪರೀಕ್ಷೆಯೇ ಹೆಚ್ಚು ನಂಬಲರ್ಹ, ಏಕೆಂದರೆ ಹಲವು ಗೇರ್‌ಬಾಕ್ಸುಗಳಲ್ಲಿ ಅದಕ್ಕೆ ಸಿಂಕ್ರೊ (ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಭಾಗ) ಇರುವುದಿಲ್ಲ: ಎಂಜಿನ್ ಐಡಲ್‌ನಲ್ಲಿರಲಿ, ಪೆಡಲ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಸರಿಯಾದ ಕ್ಲಚ್‌ನಲ್ಲಿ ಅಷ್ಟರೊಳಗೆ ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ನಿಂತಿರುತ್ತದೆ, ಸದ್ದಾಗುವುದಿಲ್ಲ.

ಜಾರುವಿಕೆಯ ಪರೀಕ್ಷೆಗೆ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಬಲಗಾಲು ಬ್ರೇಕ್ ಮೇಲಿಟ್ಟು, ಮೂರನೇ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಈ ಪರೀಕ್ಷೆ ಒಂದು ಸಲಕ್ಕೆ ಸಾಕು. ಮತ್ತೆ ಮತ್ತೆ ಮಾಡಿದರೆ ಸರಿಯಿರುವ ಪ್ಲೇಟನ್ನೂ ಸುಟ್ಟುಕೊಳ್ಳುತ್ತೀರಿ.

ಕಣ್ಣು, ಮೂಗು, ಒಂದು ಬಟ್ಟಲು ನೀರು

ಪಾನಾ ಕೈಗೆತ್ತಿಕೊಳ್ಳುವ ಮೊದಲು ಮ್ಯಾಟ್ ತೆಗೆಯಿರಿ. ಧೂಳಿನ ಕಾರಣಕ್ಕೆ ನಮ್ಮಲ್ಲಿ ಒಂದರ ಮೇಲೊಂದು ಎರಡು ಮ್ಯಾಟ್ ಹಾಸುವ ರೂಢಿಯಿದೆ. ದಪ್ಪ ಮ್ಯಾಟ್ ಪೆಡಲಿನ ಕೊನೆಯ 20 ಮಿ.ಮೀ. ಚಲನೆಯನ್ನು ತಡೆದರೆ, ಮೇಲಿನ ಲೆಕ್ಕದಂತೆ, ಸ್ಲೇವ್‌ನಲ್ಲಿ 3 ಮಿ.ಮೀ.ಗೆ ಹತ್ತಿರದಷ್ಟು ಕಡಿಮೆಯಾಗುತ್ತದೆ. ಇದನ್ನು ನೋಡದೆ ಸಿಲಿಂಡರ್ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಆಮೇಲೆ ಡಬ್ಬಿಯ ಆಯಿಲ್ ಮಟ್ಟ ನೋಡಿ. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿದ್ದಲ್ಲಿ ಕ್ಲಚ್‌ಗೆ ಹೋಗುವ ರಂಧ್ರ ಬ್ರೇಕಿನದಕ್ಕಿಂತ ಎತ್ತರದಲ್ಲಿರುತ್ತದೆ; ಕ್ಲಚ್ ಸೋರಿ ಖಾಲಿಯಾದರೂ ಬ್ರೇಕಿಗೆ ಆಯಿಲ್ ಉಳಿಯಲಿ ಎಂಬುದು ಅದರ ಉದ್ದೇಶ. ಹಾಗಾಗಿ ಬ್ರೇಕ್ ಚೆನ್ನಾಗಿದೆ, ಡಬ್ಬಿಯಲ್ಲಿ ಆಯಿಲ್ ಕಾಣುತ್ತಿದೆ ಎಂದ ಮಾತ್ರಕ್ಕೆ ಕ್ಲಚ್ ಗಾಳಿ ಎಳೆದುಕೊಂಡಿಲ್ಲ ಎಂದು ಹೇಳಲಾಗದು. ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು: ಬ್ರೇಕ್ ಪ್ಯಾಡ್ ಸವೆದಂತೆಯೂ ಮಟ್ಟ ಇಳಿಯುತ್ತದೆ, ಆದ್ದರಿಂದ ಮಟ್ಟ ಇಳಿದಿರುವುದೆಲ್ಲ ಸೋರಿಕೆಯಲ್ಲ.

ಆಯಿಲ್ ಹೊಸದಾಗಿದ್ದಾಗ ತಿಳಿ ಹಳದಿಯಾಗಿರುತ್ತದೆ. ಕಪ್ಪಾಗಿ, ತಳದಲ್ಲಿ ಮಸಿಯಂತಹ ಪುಡಿ ಕಂಡರೆ ಸೀಲಿನ ರಬ್ಬರ್ ಸವೆಯುತ್ತಿದೆ. ಮುಚ್ಚಳದ ಒಳಗಿನ ರಬ್ಬರ್ ಉಬ್ಬಿ ಅಂಟಂಟಾಗಿದ್ದರೆ ಯಾರೋ ಎಂಜಿನ್ ಆಯಿಲನ್ನೋ ಸ್ಟೀರಿಂಗ್ ಆಯಿಲನ್ನೋ ಸುರಿದಿದ್ದಾರೆ. ಆಗ ಕಾರನ್ನು ಓಡಿಸಬಾರದು. ಖನಿಜ ತೈಲ ತಾಗಿದ ಬ್ರೇಕ್ ಮತ್ತು ಕ್ಲಚ್‌ನ ರಬ್ಬರ್ ಭಾಗಗಳನ್ನೆಲ್ಲ ಬದಲಿಸದೆ ಬೇರೆ ದಾರಿಯಿಲ್ಲ.

ಸೋರಿಕೆಯನ್ನು ಮೂರು ಕಡೆ ಹುಡುಕಬೇಕು. ಪೆಡಲಿನ ಮೇಲ್ಭಾಗಕ್ಕೆ ಕೈಹಾಕಿ, ಪುಶ್‌ರಾಡ್ ಗೋಡೆಯೊಳಗೆ ಹೋಗುವ ಜಾಗವನ್ನು ಮುಟ್ಟಿ. ಬೆರಳು ಒದ್ದೆಯಾದರೆ ಮಾಸ್ಟರ್ ಸಿಲಿಂಡರಿನ ಹಿಂಭಾಗದ ಸೀಲ್ ಹೋಗಿದೆ. ಅನಂತರ ಪೈಪು, ಹೋಸುಗಳ ಕೂಡುವೆಗಳನ್ನು ನೋಡಿ. ಕೊನೆಗೆ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ನಿಧಾನವಾಗಿ ಮೇಲೆತ್ತಿ. ಒಳಗೆ ಆಯಿಲ್ ನಿಂತಿದ್ದರೆ ಅದರ ಸೀಲ್ ಹೋಗಿದೆ. ಸೇಡಂ, ಚಿತ್ತಾಪುರ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ದಾರಿಯಲ್ಲಿ ದಿನವೂ ಓಡಾಡುವ ಗಾಡಿಗಳಲ್ಲಿ ಇಲ್ಲಿ ಬೂದು ಧೂಳು ಆಯಿಲ್ ಜೊತೆ ಕಲಸಿ ಗಟ್ಟಿಯಾಗಿ ಕುಳಿತಿರುತ್ತದೆ. ಅದನ್ನು ಒರೆಸದೆ ಟೊಪ್ಪಿಗೆ ಎತ್ತಿದರೆ ಮರಳು ಸಿಲಿಂಡರಿನೊಳಗೇ ಬೀಳುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗ್‌ನ ಕೆಳಗೆ ಹನಿ ಬೀಳುತ್ತಿದ್ದರೆ ಅದು ಯಾವ ಆಯಿಲ್ ಎಂದು ತಿಳಿಯಲೇಬೇಕು. ಒಂದು ಬಟ್ಟಲು ನೀರಿಗೆ ಆ ಹನಿಯನ್ನು ಬಿಡಿ. ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಮೇಲೆ ತೇಲುತ್ತವೆ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ತೇಲುವ ಎರಡರಲ್ಲಿ ಗಂಧಕದ ಘಾಟು ವಾಸನೆಯಿರುವುದು ಗೇರ್ ಆಯಿಲ್.

ಪೆಡಲ್ ಹೇಳುವ ಮಾತು

ಪೆಡಲನ್ನು ಒಂದು ಸಲ ತುಳಿದರೆ ಗೇರ್ ಬೀಳದೆ, ನಾಲ್ಕೈದು ಸಲ ಬೇಗಬೇಗ ತುಳಿದ ಮೇಲೆ ಬಿದ್ದರೆ ವ್ಯವಸ್ಥೆಯೊಳಗೆ ಗಾಳಿಯಿದೆ ಅಥವಾ ಆಯಿಲ್ ಎಲ್ಲೋ ಜಾರಿಹೋಗುತ್ತಿದೆ. ಮಿಸ್ತ್ರಿಗಳು “ಹವಾ ಹಿಡದದ” ಎನ್ನುವುದು ಇದಕ್ಕೇ. ಗಾಳಿಯಿದ್ದಾಗ ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಪಂಪ್ ಮಾಡಿದಂತೆ ಗಟ್ಟಿಯಾಗುತ್ತ ಬರುತ್ತದೆ.

ನನಗೆ ದುಬಾರಿ ಪಾಠ ಕಲಿಸಿದ ಲಕ್ಷಣ ಬೇರೆಯದು. ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತದ ಸಿಗ್ನಲ್ಲಿನಲ್ಲಿ ಮೊದಲ ಗೇರ್ ಹಾಕಿ ಕ್ಲಚ್ ತುಳಿದುಕೊಂಡು ನಿಂತರೆ ಮೊದಲ ಅರ್ಧ ನಿಮಿಷ ಕಾರು ಸುಮ್ಮನಿರುತ್ತಿತ್ತು. ಆಮೇಲೆ, ಕಾಲು ಅಲುಗಾಡದಿದ್ದರೂ, ಮುಂದಿನ ಆಟೋದ ಕಡೆ ಮೆಲ್ಲಗೆ ತೆವಳುತ್ತಿತ್ತು. ಹೊರಗೆ ಒಂದು ಹನಿಯೂ ಸೋರಿರಲಿಲ್ಲ, ಡಬ್ಬಿಯ ಮಟ್ಟವೂ ಇಳಿದಿರಲಿಲ್ಲ. ಮಾಸ್ಟರ್ ಸಿಲಿಂಡರಿನ ಮುಂಭಾಗದ ಸೀಲ್ ಸವೆದಾಗ ಆಗುವುದು ಹೀಗೆಯೇ: ಒತ್ತಡದಲ್ಲಿರುವ ಆಯಿಲ್ ಸೀಲನ್ನು ದಾಟಿ ಹಿಂದಕ್ಕೆ ಡಬ್ಬಿಗೇ ಮರಳುತ್ತದೆ, ಹೊರಗೆ ಕುರುಹು ಉಳಿಯುವುದಿಲ್ಲ. ಈ ಪರೀಕ್ಷೆಯನ್ನು ಸಿಗ್ನಲ್ಲಿನಲ್ಲಿ ಮಾಡುವ ಬದಲು, ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟಾದ ಬಯಲಿನಲ್ಲಿ, ಬಲಗಾಲನ್ನು ಬ್ರೇಕಿನ ಮೇಲೆ ಸಿದ್ಧವಾಗಿಟ್ಟುಕೊಂಡು, ಒಂದು ನಿಮಿಷ ಮಾಡಿ ನೋಡಿ.

ಮೂರನೆಯ ಲಕ್ಷಣ ನಮ್ಮ ಬೇಸಿಗೆಗೆ ಸಂಬಂಧಿಸಿದ್ದು. ಬೆಳಿಗ್ಗೆ ಚೆನ್ನಾಗಿರುವ ಕ್ಲಚ್ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಮೆತ್ತಗಾಗಿ, ಕಾರು ಒಂದು ತಾಸು ನೆರಳಲ್ಲಿ ನಿಂತ ಮೇಲೆ ಮತ್ತೆ ಸರಿಹೋಗುತ್ತದೆ. 42–43 ಡಿಗ್ರಿಯ ಬಿಸಿಲಿಗೆ ಬ್ರೇಕ್ ಆಯಿಲ್ ಕುದಿಯುವುದಿಲ್ಲ ಎಂಬುದು ನಿಜ. ಬ್ರೇಕ್ ಆಯಿಲಿನ ದರ್ಜೆಗಳನ್ನು ಡಾಟ್ 3, ಡಾಟ್ 4 ಎಂದು ಗುರುತಿಸುತ್ತಾರೆ; ಡಾಟ್ 4 ಆಯಿಲಿನ ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ಡಾಟ್ 3ರದು 205. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಸೇರಿದ ಮೇಲಿನ ಕನಿಷ್ಠ ಮಿತಿ ಕ್ರಮವಾಗಿ 155 ಮತ್ತು 140 ಡಿಗ್ರಿ. ನಾಲ್ಕೈದು ವರ್ಷ ಬದಲಿಸದ ಆಯಿಲ್ ಅದಕ್ಕೂ ಕೆಳಗೆ ಇಳಿಯಬಹುದು. ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಹಾದುಹೋಗುವ ಹೋಸ್, ಬಿಸಿ ಗೇರ್‌ಬಾಕ್ಸಿಗೆ ಅಂಟಿಕೊಂಡ ಸ್ಲೇವ್, ಗಾಳಿಯಾಡದ ಟ್ರಾಫಿಕ್ ಮೂರೂ ಸೇರಿದರೆ ಅಲ್ಲಿ ಆವಿಯ ಗುಳ್ಳೆ ಏಳುತ್ತದೆ. ಇದಕ್ಕೆ ಸಿಲಿಂಡರ್ ಬದಲಿಸುವ ಮೊದಲು ಆಯಿಲ್ ಬದಲಿಸಿ ನೋಡುವುದು ವಿವೇಕ.

ಅಳತೆ

ಸ್ಲೇವ್ ಸಿಲಿಂಡರ್ ಹೊರಗಿದ್ದರೆ, ಅದರ ದಂಡ ಫೋರ್ಕಿಗೆ ತಾಗುವ ಜಾಗವನ್ನು ಚಾಕ್‌ಪೀಸಿನಿಂದ ಗುರುತು ಮಾಡಿ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಹಿಡಿಯಿರಿ. ಎಂಜಿನ್ ಬಂದ್ ಇರಲಿ, ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಗಾಲಿಗಳಿಗೆ ಅಡ್ಡಲಾಗಿ ಕಲ್ಲು ಇಡಿ. ಕಾರನ್ನು ಎತ್ತಬೇಕಾದರೆ ಸ್ಟ್ಯಾಂಡ್ ಇಟ್ಟೇ ಕೆಳಗೆ ಹೋಗಬೇಕು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಇನ್ನೊಬ್ಬರಿಗೆ ಪೆಡಲನ್ನು ನೆಲಕ್ಕೆ ತಾಗುವವರೆಗೆ ತುಳಿದು ಹಿಡಿಯಲು ಹೇಳಿ, ದಂಡ ಎಷ್ಟು ಸರಿಯಿತು ಎಂದು ಬರೆದುಕೊಳ್ಳಿ. ಒಂದು ನಿಮಿಷ ಹಾಗೇ ಹಿಡಿದಿರಲು ಹೇಳಿ ಮತ್ತೊಮ್ಮೆ ನೋಡಿ.

ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಸರಿಯಾದ ಅಳತೆ ಇರುತ್ತದೆ. ಸಿಗದಿದ್ದರೆ ಅದೇ ಮಾದರಿಯ, ಚೆನ್ನಾಗಿ ಓಡುತ್ತಿರುವ ಇನ್ನೊಂದು ಕಾರಿನಲ್ಲಿ ಅಳೆದು ಹೋಲಿಸುವುದು ನನ್ನ ಅನುಭವದಲ್ಲಿ ಅಷ್ಟೇ ಉಪಯುಕ್ತ. ಚಲನೆ ಮೊದಲಿನಿಂದಲೇ ಕಡಿಮೆಯಿದ್ದರೆ ಗಾಳಿ, ಸೋರಿಕೆ ಅಥವಾ ಪೆಡಲ್ ಕಡೆಯ ಸವೆತ. ಮೊದಲು ಸರಿಯಿದ್ದು, ಹಿಡಿದ ಹಾಗೇ ದಂಡ ಹಿಂದೆ ಸರಿಯುತ್ತಿದ್ದರೆ ಮತ್ತು ಹೊರಗೆ ಸೋರಿಕೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್. ಚಲನೆ ಪೂರ್ತಿಯಿದ್ದು ಕಡಿಮೆಯಾಗದೆ ನಿಂತಿದ್ದರೂ ಗೇರ್ ಬೀಳದಿದ್ದರೆ ಮಾತ್ರ, ಹೈಡ್ರಾಲಿಕ್ ವ್ಯವಸ್ಥೆ ನಿರ್ದೋಷಿ. ಆಗ ಬಾಗಿದ ಫೋರ್ಕ್, ಸವೆದ ಅದರ ಆಧಾರ ಗುಂಡು, ಮುರಿದ ಸ್ಪ್ರಿಂಗ್ ಬೆರಳು, ಶಾಫ್ಟಿನ ಮೇಲೆ ತುಕ್ಕು ಹಿಡಿದು ಜಾರದ ಪ್ಲೇಟ್ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಗೇರ್‌ಬಾಕ್ಸ್ ಇಳಿಸುವ ಮಾತು ಬರಬೇಕಾದದ್ದು ಇಲ್ಲಿ.

ಪೆಡಲ್ ಕಡೆಯ ಸವೆತವನ್ನು ಪತ್ತೆಹಚ್ಚಲು ಪುಶ್‌ರಾಡ್ ಪೆಡಲಿಗೆ ಸೇರುವ ಪಿನ್ನನ್ನು ನೋಡಿ. ಪಿನ್ನಿನ ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಅಲ್ಲಿ ಕಳೆದುಹೋದ 2 ಮಿ.ಮೀ. ಎಂದರೆ ಪೆಡಲಿನಲ್ಲಿ 10 ಮಿ.ಮೀ.

ಹೋಸ್ ಹಳೆಯದಾಗಿದ್ದರೆ ಇನ್ನೊಬ್ಬರು ಪೆಡಲ್ ತುಳಿಯುವಾಗ ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಕೈಯೊಳಗೆ ಉಬ್ಬುತ್ತಿರುವುದು ಗೊತ್ತಾದರೆ ಬದಲಿಸಬೇಕು.

ಗಾಳಿ ತೆಗೆಯುವ ಕೆಲಸ

ಗಾಳಿಯನ್ನು ಹೊರಬಿಡುವುದು ಸ್ಲೇವ್ ಸಿಲಿಂಡರಿನ ಮೇಲಿರುವ ನಿಪ್ಪಲ್ ಎಂಬ ಸಣ್ಣ ಬೋಲ್ಟನ್ನು ಸಡಿಲಿಸಿ. ಬೇಕಾದ ಸಾಮಾನು ಹೆಚ್ಚಿಲ್ಲ: ನಿಪ್ಪಲ್‌ಗೆ ಸರಿಹೊಂದುವ ರಿಂಗ್ ಪಾನಾ (ಹೆಚ್ಚಾಗಿ 8, 10 ಅಥವಾ 11 ನಂಬರಿನದು), ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್, ಒಂದು ಖಾಲಿ ಬಾಟಲಿ, ದೊಡ್ಡ ಸಿರಿಂಜ್, ಕೈಗವಸು, ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು ಮತ್ತು ಸೀಲ್ ಒಡೆಯದ ಅರ್ಧ ಲೀಟರ್ ಬ್ರೇಕ್ ಆಯಿಲ್. ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ಓದಿಕೊಂಡೇ ಕೊಳ್ಳಿ. ಡಾಟ್ 5 ಸಿಲಿಕೋನ್ ಮೂಲದ್ದು, ಅದನ್ನು ಇವುಗಳೊಂದಿಗೆ ಬೆರೆಸಬಾರದು; ಡಾಟ್ 5.1 ಹೆಸರಿನಲ್ಲಿ ಹೋಲಿದರೂ ಬೇರೆ ವಸ್ತು, ಅದು ಬೆರೆಯುತ್ತದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಬಾಡಿಯ ಮೇಲೆ ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ನೀರು ಸುರಿಯಿರಿ. ಕಣ್ಣಿಗೆ ಹಾರಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ.

ಡಬ್ಬಿಯ ಸುತ್ತಲಿನ ಧೂಳನ್ನು ಒರೆಸಿ ಮುಚ್ಚಳ ತೆಗೆಯಿರಿ. ಹಳೆಯ ಆಯಿಲನ್ನು ಸಿರಿಂಜಿನಿಂದ ಹೀರಿ, ಬ್ರೇಕಿನ ರಂಧ್ರ ಬರಿದಾಗದಂತೆ ಸ್ವಲ್ಪ ಉಳಿಸಿ, ಹೊಸದನ್ನು ತುಂಬಿ. ನಿಪ್ಪಲ್‌ನ ಸುತ್ತ ಬ್ರಷ್‌ನಿಂದ ಉಜ್ಜಿ, ರಬ್ಬರ್ ಮುಚ್ಚಳ ತೆಗೆದು, ಮೊದಲು ರಿಂಗ್ ಪಾನಾ ಹಾಕಿ, ಆಮೇಲೆ ಟ್ಯೂಬ್ ಸಿಕ್ಕಿಸಿ. ಈ ಕ್ರಮ ತಪ್ಪಿದರೆ ಟ್ಯೂಬನ್ನು ಮತ್ತೆ ಕೀಳಬೇಕಾಗುತ್ತದೆ. ಟ್ಯೂಬಿನ ಇನ್ನೊಂದು ತುದಿ ಬಾಟಲಿಯಲ್ಲಿ ಒಂದಿಷ್ಟು ಆಯಿಲಿನೊಳಗೆ ಮುಳುಗಿರಲಿ.

ಇನ್ನು ಇಬ್ಬರ ಮಾತು ಹೊಂದಬೇಕು. ಒಳಗಿರುವವರು ಪೆಡಲನ್ನು ನಿಧಾನವಾಗಿ ನೆಲದವರೆಗೆ ತುಳಿದು “ಒತ್ತಿದೆ” ಎನ್ನಬೇಕು. ಕೆಳಗಿರುವವರು ಆಗ ನಿಪ್ಪಲನ್ನು ಕಾಲು ಅಥವಾ ಅರ್ಧ ಸುತ್ತು ಸಡಿಲಿಸಬೇಕು. ಟ್ಯೂಬಿನಲ್ಲಿ ಆಯಿಲ್ ಗುಳ್ಳೆಗಳೊಂದಿಗೆ ಹರಿಯುತ್ತದೆ. ಹರಿವು ನಿಲ್ಲುವ ಮೊದಲೇ ನಿಪ್ಪಲ್ ಮುಚ್ಚಿ “ಬಿಡು” ಎಂದ ಮೇಲೆಯೇ ಪೆಡಲ್ ಮೇಲೇಳಬೇಕು. ಅದು ತಾನಾಗಿ ಏಳದಿದ್ದರೆ ಕೈಯಿಂದ ಅಥವಾ ಕಾಲ್ಬೆರಳಿನಿಂದ ಮೇಲೆತ್ತಿ. ಮಾಸ್ಟರ್ ಸಿಲಿಂಡರ್ ತುಂಬಿಕೊಳ್ಳಲು ಎರಡು ಮೂರು ಸೆಕೆಂಡ್ ಬಿಟ್ಟು ಮತ್ತೆ ತುಳಿಯಿರಿ. ಇಲ್ಲಿ ಅವಸರ ಮಾಡಿ ಪೆಡಲನ್ನು ದಡದಡ ಪಂಪ್ ಮಾಡುವುದೇ ಬಹಳ ಜನ ಮಾಡುವ ತಪ್ಪು. ದೊಡ್ಡ ಗುಳ್ಳೆ ಒಡೆದು ನೂರು ಸಣ್ಣ ಗುಳ್ಳೆಗಳಾಗಿ ಆಯಿಲಿನಲ್ಲಿ ಹರಡಿಕೊಂಡರೆ ಅವನ್ನು ಹೊರತರುವುದು ಮತ್ತೂ ಕಷ್ಟ.

ಒಂದು ತುಳಿತಕ್ಕೆ ಸುಮಾರು 5 ಮಿಲಿಲೀಟರ್ ಎಂಬ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಹತ್ತು ತುಳಿತಕ್ಕೆ 50 ಮಿಲಿಲೀಟರ್ ಹೋಗುತ್ತದೆಂದರೆ, ಐದಾರು ತುಳಿತಕ್ಕೊಮ್ಮೆ ಡಬ್ಬಿ ನೋಡಿ ತುಂಬದಿದ್ದರೆ ಮಟ್ಟ ಕ್ಲಚ್‌ನ ರಂಧ್ರಕ್ಕಿಂತ ಕೆಳಗಿಳಿದು, ತೆಗೆದ ಗಾಳಿಗಿಂತ ಹೆಚ್ಚು ಗಾಳಿ ಒಳಸೇರುತ್ತದೆ. ಟ್ಯೂಬಿನಲ್ಲಿ ಗುಳ್ಳೆಯಿಲ್ಲದ, ತಿಳಿ ಹಳದಿಯ ಆಯಿಲ್ ಬರುವವರೆಗೆ ಮುಂದುವರಿಸಿ, ನಿಪ್ಪಲನ್ನು ಹದವಾಗಿ ಬಿಗಿದು, ರಬ್ಬರ್ ಮುಚ್ಚಳ ಹಾಕಿ. ಅದು ಒಳಗೆ ಟೊಳ್ಳಾದ ಸಣ್ಣ ಬೋಲ್ಟ್. ಭುಜದ ಬಲ ಹಾಕಿದರೆ ಮುರಿದು ಒಳಗೇ ಉಳಿಯುತ್ತದೆ.

ಇಷ್ಟಾದರೂ ಪೆಡಲ್ ಮೆತ್ತಗೇ ಇದ್ದರೆ ಗಾಳಿ ಸ್ಲೇವ್‌ನ ಮೇಲ್ತುದಿಯಲ್ಲಿ ಸಿಕ್ಕಿಕೊಂಡಿರಬಹುದು, ಏಕೆಂದರೆ ಎಲ್ಲ ಕಾರುಗಳಲ್ಲೂ ನಿಪ್ಪಲ್ ಅತ್ಯಂತ ಎತ್ತರದ ಜಾಗದಲ್ಲಿರುವುದಿಲ್ಲ. ಆಗ ಸ್ಲೇವ್‌ನ ಎರಡು ಬೋಲ್ಟ್ ಬಿಚ್ಚಿ, ಹೋಸ್ ತೆಗೆಯದೆ, ಹೋಸ್ ಸೇರುವ ತುದಿ ಮೇಲಾಗುವಂತೆ ಹಿಡಿದು, ದಂಡವನ್ನು ಕೈಯಿಂದ ಮೆಲ್ಲಗೆ ಒಳಗೊತ್ತಿ. ಗುಳ್ಳೆಗಳು ಹಿಂದಕ್ಕೆ ಡಬ್ಬಿಗೆ ಏರಿ ಬರುವುದು ಕಾಣುತ್ತದೆ. ಸ್ಲೇವ್ ಹೀಗೆ ಬಿಚ್ಚಿರುವಾಗ ಯಾರೂ ಪೆಡಲ್ ಮುಟ್ಟಬಾರದು, ಮುಟ್ಟಿದರೆ ಪಿಸ್ಟನ್ ಹಾರಿ ಹೊರಬೀಳುತ್ತದೆ. ಹೊಸ ಸಿಲಿಂಡರ್ ಕೂರಿಸಿದ ಮೇಲೆ ನಾನು ಇನ್ನೊಂದು ವಿಧಾನವನ್ನು ಮೆಚ್ಚುತ್ತೇನೆ: ಸಿರಿಂಜಿಗೆ ಹೊಸ ಆಯಿಲ್ ತುಂಬಿ, ಸ್ಲೇವ್‌ನ ನಿಪ್ಪಲ್ ಮೂಲಕ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಳ್ಳುವುದು. ಗಾಳಿ ಹೇಗೂ ಮೇಲೇರಬೇಕೆನ್ನುತ್ತದೆ, ಅದಕ್ಕೆ ದಾರಿ ಮಾಡಿಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಡಬ್ಬಿ ತುಂಬಿ ಹೊರಚೆಲ್ಲದಂತೆ ಮೊದಲೇ ಆಯಿಲ್ ಕಡಿಮೆ ಮಾಡಿಕೊಳ್ಳಬೇಕು ಅಷ್ಟೆ.

ಗಾಳಿ ಪೂರ್ತಿ ಹೋದರೂ ಕೆಲವು ದಿನಗಳಲ್ಲಿ ಪೆಡಲ್ ಮತ್ತೆ ಮೆತ್ತಗಾದರೆ ಬ್ಲೀಡಿಂಗನ್ನು, ಅಂದರೆ ಗಾಳಿ ತೆಗೆಯುವ ಈ ಕೆಲಸವನ್ನು, ಮತ್ತೆ ಮಾಡಿಸುತ್ತ ಕೂರಬೇಡಿ. ಮುಚ್ಚಿದ ವ್ಯವಸ್ಥೆಗೆ ಗಾಳಿ ತಾನಾಗಿ ಬರುವುದಿಲ್ಲ. ಯಾವುದೋ ಸೀಲ್ ಅದನ್ನು ಒಳಬಿಡುತ್ತಿದೆ.

ಸಿಲಿಂಡರ್ ಬದಲಿಸುವಾಗ

ರಬ್ಬರ್ ಕಿಟ್ ಮಾತ್ರ ಹಾಕಬೇಕೋ ಇಡೀ ಸಿಲಿಂಡರ್ ಬದಲಿಸಬೇಕೋ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ಉಗುರು ಎಲ್ಲಿಯೂ ತಡೆಯದಿದ್ದರೆ ಕಿಟ್ ಸಾಕಾಗಬಹುದು. ತುಕ್ಕಿನ ಕುಳಿ ಅಥವಾ ಗೀರು ಸಿಕ್ಕರೆ ಹೊಸ ರಬ್ಬರ್ ಆ ಕುಳಿಯ ಮೇಲೆ ಉಜ್ಜಿ ಉಜ್ಜಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕೂಲಿ ಎರಡು ಸಲ ತೆರುವುದಕ್ಕಿಂತ ಇಡೀ ಸಿಲಿಂಡರ್ ಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಮಾಸ್ಟರ್ ಸಿಲಿಂಡರ್ ತೆಗೆಯುವಾಗ ಕಷ್ಟ ಕೊಡುವುದು ಲೋಹದ ಪೈಪಿನ ನಟ್. ಸಾಮಾನ್ಯ ಓಪನ್ ಪಾನಾ ಅದರ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ನಟ್‌ನ ಐದು ಮುಖಗಳನ್ನಾದರೂ ಹಿಡಿಯುವ ಫ್ಲೇರ್ ನಟ್ ಪಾನಾ ಬಳಸಿ. ಕಾರಿನ ಒಳಗೆ ಕಾರ್ಪೆಟ್ ಮೇಲೆ ಹಳೆಯ ಬಟ್ಟೆ ಹಾಸಿ, ಡಬ್ಬಿಯ ಆಯಿಲ್ ಹೀರಿ, ಪುಶ್‌ರಾಡಿನ ಪಿನ್, ಡಬ್ಬಿಯ ಹೋಸ್, ಪೈಪ್, ಕೊನೆಗೆ ಗೋಡೆಯ ಎರಡು ನಟ್ ಈ ಕ್ರಮದಲ್ಲಿ ಬಿಚ್ಚಿ. ಹೊಸದನ್ನು ಕೂರಿಸುವ ಮುನ್ನ ಅದನ್ನು ವೈಸಿನಲ್ಲಿ ಮೆದುವಾಗಿ ಹಿಡಿದು, ಆಯಿಲ್ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಒತ್ತಿ ಬಿಟ್ಟು ಒಳಗಿನ ಗಾಳಿ ತೆಗೆದರೆ ಮುಂದಿನ ಬ್ಲೀಡಿಂಗ್ ಅರ್ಧದಷ್ಟು ಕಡಿಮೆಯಾಗುತ್ತದೆ.

ಪುಶ್‌ರಾಡಿನ ಉದ್ದ ಹೊಂದಿಸುವ ಸೌಲಭ್ಯವಿದ್ದರೆ, ಅದು ಪಿಸ್ಟನ್ನಿಗೆ ತಾಗುವ ಮುನ್ನ ಮ್ಯಾನುಯಲ್ ಹೇಳುವಷ್ಟು ಸಡಿಲ ಬಿಡಲೇಬೇಕು. ಅದು ಸಾಮಾನ್ಯವಾಗಿ ಒಂದೆರಡು ಮಿ.ಮೀ. ಮಾತ್ರ. ಜಾರುವಿಕೆಯ ಅಪವಾದ ಎಂದು ಆಗಲೇ ಹೇಳಿದ್ದು ಇದನ್ನೇ. ಸಡಿಲವಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ, ಡಬ್ಬಿಗೆ ಆಯಿಲ್ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಉಳಿಯುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಹೋಗಲು ದಾರಿಯಿಲ್ಲದೆ ಸ್ಲೇವನ್ನು ತಳ್ಳುತ್ತಲೇ ಇರುತ್ತದೆ. ಯಾರೂ ಪೆಡಲ್ ತುಳಿಯದಿದ್ದರೂ ಕ್ಲಚ್ ಅರ್ಧ ಬಿಟ್ಟಂತೆ ಜಾರುತ್ತದೆ, ಹೊಸ ಪ್ಲೇಟ್ ಕೂಡ ಸುಡುತ್ತದೆ. ಪತ್ತೆ ಸುಲಭ: ಕಾರು ಜಾರುತ್ತಿರುವಾಗಲೇ ನಿಲ್ಲಿಸಿ, ಪೆಡಲ್ ಮೇಲೆ ಕಾಲಿಡದೆ, ಟ್ಯೂಬ್ ಹಾಕಿದ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಆಯಿಲ್ ಒತ್ತಡದಿಂದ ಚಿಮ್ಮಿ, ನಿಪ್ಪಲ್ ಮುಚ್ಚಿದ ಮೇಲೆ ಜಾರುವಿಕೆ ನಿಂತರೆ ಪ್ಲೇಟ್ ತಪ್ಪಿತಸ್ಥನಲ್ಲ. ಪುಶ್‌ರಾಡ್ ಸರಿಯಿದ್ದೂ ಹೀಗಾದರೆ ಒಳಪದರ ಸುಲಿದು ಒಂದೇ ದಿಕ್ಕಿಗೆ ಆಯಿಲ್ ಬಿಡುತ್ತಿರುವ ಹಳೆಯ ಹೋಸನ್ನು ಅನುಮಾನಿಸಬೇಕು.

ಹೊರಗಿನ ಸ್ಲೇವ್ ಬದಲಿಸುವುದು ಎರಡು ಬೋಲ್ಟು, ಒಂದು ಹೋಸಿನ ಕೆಲಸ. ದಂಡದ ತುದಿಗೆ ಚೂರು ಗ್ರೀಸ್ ಹಚ್ಚಿ. ಟೊಪ್ಪಿಗೆಯ ಒಳಗೆ ಮಾತ್ರ ಸಾಮಾನ್ಯ ಗ್ರೀಸ್ ಬೇಡ, ರಬ್ಬರಿಗೆಂದೇ ಮಾಡಿದ ಗ್ರೀಸ್ ಇರಲಿ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿಗಳಲ್ಲಿ ಓಡುವ ಗಾಡಿಯಾದರೆ ಫೋರ್ಕಿನ ರಬ್ಬರ್ ಹೊದಿಕೆ ಹರಿದಿದೆಯೇ ನೋಡಿ; ಅದರೊಳಗೆ ಹೊಕ್ಕ ಎರೆಮಣ್ಣು ಒಣಗಿದ ಮೇಲೆ ಕಲ್ಲಿನಂತಾಗಿ ಫೋರ್ಕಿನ ಚಲನೆಯನ್ನೇ ತಡೆಯುತ್ತದೆ.

ಸ್ಲೇವ್ ಗೇರ್‌ಬಾಕ್ಸಿನ ಒಳಗೆ, ಶಾಫ್ಟಿನ ಸುತ್ತ ಉಂಗುರದಂತೆ ಕೂತಿರುವ ಕಾರುಗಳಲ್ಲಿ ದಂಡ ಅಳೆಯಲು ಸಿಗುವುದಿಲ್ಲ. ಅಲ್ಲಿ ಮೊದಲು ಪೆಡಲ್ ಪರೀಕ್ಷೆಗಳು, ಆಮೇಲೆ ಬಟ್ಟಲು ನೀರಿನ ಪರೀಕ್ಷೆ, ಆಮೇಲೆ ಬ್ಲೀಡಿಂಗ್, ಮಾಸ್ಟರ್ ಸಿಲಿಂಡರ್ ಈ ಕ್ರಮದಲ್ಲಿ ಸಾಗಿ, ಬೆಲ್ ಹೌಸಿಂಗ್‌ನಿಂದ ಬ್ರೇಕ್ ಆಯಿಲ್ ಇಳಿಯುತ್ತಿರುವುದು ಖಚಿತವಾದರೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಇಳಿಸಿದ ಮೇಲೆ ಸಿಲಿಂಡರ್ ಒಂದನ್ನೇ ಬದಲಿಸಿ ಮುಚ್ಚುವುದು ಜಾಣತನವಲ್ಲ; ಆಯಿಲ್ ಕುಡಿದ ಪ್ಲೇಟ್, ಪ್ರೆಶರ್ ಪ್ಲೇಟ್‌ಗಳನ್ನೂ ಬದಲಿಸಿ, ಎಂಜಿನ್ನಿನ ಹಿಂಭಾಗದ ಸೀಲ್ ಒದ್ದೆಯಾಗಿದೆಯೇ ಎಂದೂ ನೋಡಿಕೊಳ್ಳಿ. ಗೇರ್‌ಬಾಕ್ಸ್ ಕೂರುವವರೆಗೆ ಇಲ್ಲಿಯೂ ಪೆಡಲ್ ತುಳಿಯುವಂತಿಲ್ಲ.

ದಾರಿಯಲ್ಲಿ ಕೈಕೊಟ್ಟರೆ

ಜೇವರ್ಗಿ ರಸ್ತೆಯಲ್ಲಿ ಭೀಮಾ ಸೇತುವೆ ದಾಟಿದ ಮೇಲೆ ಪೆಡಲ್ ಪೂರ್ತಿ ನೆಲಕ್ಕೆ ಕುಳಿತುಬಿಟ್ಟಿತು ಎನ್ನಿ. ಮೊದಲು ಪಕ್ಕಕ್ಕೆ ನಿಲ್ಲಿಸಿ, ಡಬ್ಬಿ ನೋಡಿ, ಅದೇ ದರ್ಜೆಯ ಆಯಿಲ್ ಇದ್ದರೆ ತುಂಬಿ, ಹತ್ತಿಪ್ಪತ್ತು ಸಲ ಪಂಪ್ ಮಾಡಿ; ಕೆಲವೊಮ್ಮೆ ಮನೆ ಸೇರುವಷ್ಟು ಒತ್ತಡ ಮರಳುತ್ತದೆ. ಬರದಿದ್ದರೆ, ಮುಂದೆ ಖಾಲಿ ರಸ್ತೆಯಿರುವಾಗ, ಎಂಜಿನ್ ಬಂದ್ ಮಾಡಿ ಮೊದಲ ಗೇರ್ ಹಾಕಿ ಸ್ಟಾರ್ಟ್ ಮಾಡಿದರೆ ಕಾರು ಜಗ್ಗುತ್ತ ಹೊರಡುತ್ತದೆ. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಕಾರಾದರೆ ಸತ್ತ ಪೆಡಲನ್ನೇ ತುಳಿದುಕೊಳ್ಳಿ. ಎಕ್ಸಿಲರೇಟರ್ ಬಿಟ್ಟ ಗಳಿಗೆಯಲ್ಲಿ ಲಿವರನ್ನು ಮೆಲ್ಲಗೆ ನ್ಯೂಟ್ರಲ್ಲಿಗೆ ಎಳೆದು, ಎಂಜಿನ್ ವೇಗ ಇಳಿದಂತೆ ಎರಡನೇ ಗೇರಿನ ಕಡೆ ಬೆರಳಿನ ಬಲದಷ್ಟೇ ಒತ್ತಿ ಹಿಡಿದರೆ ಅದು ತಾನಾಗಿ ಬೀಳುತ್ತದೆ. ಹತ್ತಿರದ ಸುರಕ್ಷಿತ ಜಾಗದವರೆಗೆ ಮಾತ್ರ ಇದನ್ನು ಮಾಡಬಹುದು; ನಗರದೊಳಗಿನ ಸಿಗ್ನಲ್‌ಗಳಿಗೆ ಈ ಗಾಡಿಯನ್ನು ತರಬಾರದು, ಎಳೆದೊಯ್ಯುವ ಗಾಡಿಯನ್ನು ಕರೆಯಬೇಕು.

ದುರಸ್ತಿ ಮುಗಿದ ದಿನ ಎಂಜಿನ್ ಬಂದ್ ಇಟ್ಟು ಪೆಡಲನ್ನು ಮೂವತ್ತು ಸಲ ತುಳಿದು ಎಲ್ಲ ಕೂಡುವೆಗಳನ್ನೂ ಒಣಬಟ್ಟೆಯಿಂದ ಒರೆಸಿ ನೋಡಿ. ಡಬ್ಬಿ ಒಂದೇ ಆಗಿದ್ದರೆ ಬ್ರೇಕ್ ಪೆಡಲನ್ನೂ ಒತ್ತಿ ಪರೀಕ್ಷಿಸಿದ ಮೇಲೆಯೇ ರಸ್ತೆಗಿಳಿಯಿರಿ. ಸ್ಲೇವ್‌ನ ಚಲನೆಯನ್ನು ಮತ್ತೊಮ್ಮೆ ಅಳೆದು, ಆ ಸಂಖ್ಯೆಯನ್ನೂ ಆಯಿಲ್ ಬದಲಿಸಿದ ದಿನಾಂಕವನ್ನೂ ಬಾನೆಟ್ಟಿನ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿ ಬರೆದಿಡಿ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ರೂಢಿ. ಡಬ್ಬದಲ್ಲಿ ಉಳಿದ ಆಯಿಲನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ, ಒಂದು ಮಳೆಗಾಲದಲ್ಲಿ ಅದು ತೇವ ಕುಡಿದಿರುತ್ತದೆ. ಒಂದು ವಾರದ ನಂತರ ಮಟ್ಟವನ್ನು ಮತ್ತೊಮ್ಮೆ ನೋಡಿ. ಅದು ಕೂದಲೆಳೆಯಷ್ಟು ಇಳಿದಿದ್ದರೂ ಮತ್ತೆ ಟೊಪ್ಪಿಗೆ ಎತ್ತಿ ನೋಡುವುದರಿಂದಲೇ ಶುರುಮಾಡಿ.